ಕೂದಲೆಳೆಯಷ್ಟು ಜಾಗ

ಕರೆಂಟು ಹೋಗಬಹುದಿತ್ತು. ಹೋಗಿದ್ದರೆ ಉಗುರಿನ ಬಣ್ಣವನ್ನು ಗಟ್ಟಿಯಾಗಿಸುವ ಆ ಪುಟ್ಟ ಲ್ಯಾಂಪು ಆರಿ, ಮದುಮಗಳು ಹತ್ತೂ ಬೆರಳು ಅಗಲಿಸಿಕೊಂಡು, ಮೂಗು ತುರಿಸಿದರೂ ಕೆರೆದುಕೊಳ್ಳಲಾರದೆ ಕೂತಿರಬೇಕಾಗುತ್ತಿತ್ತು. ಬೆಳಿಗ್ಗೆ ಹಚ್ಚಿದ ಅರಿಶಿನ ಹಿಡಿದು ಕೆಂಪೆಲ್ಲ ಕಿತ್ತಳೆಯಾಗಬಹುದಿತ್ತು. ಬಣ್ಣ ಉಗುರಿನ ಬುಡದ ಚರ್ಮಕ್ಕೆ ಹರಿದು, ಹುಡುಗಿ ಈಗತಾನೇ ಈಳಿಗೆಮಣೆಯಿಂದ ಎದ್ದು ಬಂದಂತೆ ಕಾಣಬಹುದಿತ್ತು. ಮೈಗೆ ಒಗ್ಗದೆ ಬೆರಳು ಊದಿಕೊಂಡು ಉಂಗುರ ಅರ್ಧದಲ್ಲೇ ನಿಲ್ಲಬಹುದಿತ್ತು. ಲ್ಯಾಂಪಿನ ಮೇಲೆ ಯಾರಾದರೂ ಬಾಳೆ ಎಲೆಯ ಕಟ್ಟು ಇಡಬಹುದಿತ್ತು. ಧಾರೆಯ ಹಾಲು ಬಿದ್ದೊಡನೆ ಹತ್ತರಲ್ಲಿ ಒಂದು ಉಗುರಿನ ಬಣ್ಣ ಸಿಪ್ಪೆಯಂತೆ ಎದ್ದು, ತೇಲಿಕೊಂಡು ಹೋಗಿ ತಟ್ಟೆಗೆ ಬೀಳಬಹುದಿತ್ತು. ಅದನ್ನು ನಾಗಮಂಗಲದ ಬೀಗರ ಕಡೆಯ ಯಾವಳೋ ಅತ್ತೆ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಬಹುದಿತ್ತು.

ಇಷ್ಟನ್ನೂ ಮದುವೆಗೆ ಎಂಟು ದಿನ ಮೊದಲೇ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದೆ. ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಓದಿ, "ಭೂಕಂಪ ಬುಟ್ಬುಟ್ಟಿದ್ದೀಯ ಕಣಮ್ಮಿ, ಅದ್ನೂ ಸೇರ್ಸು" ಎಂದರು. ಅವರಿರುವುದು ನೀರಾವರಿ ಇಲಾಖೆಯಲ್ಲಿ. ಕೆ.ಆರ್.ಎಸ್. ತುಂಬಿದರೂ ಚಿಂತೆಯಿಲ್ಲ, ಬತ್ತಿದರೂ ಚಿಂತೆಯಿಲ್ಲ. ಅವರ ಪಾಲಿನದನ್ನೂ ನಾನೇ ಮಾಡುತ್ತೇನೆ.

ಬರೆದದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದರ ಗುರುತು ನನ್ನ ಪಾರ್ಲರಿನ ಕನ್ನಡಿಯ ಮುಂದೆ ಬಾಚಣಿಗೆಗಳ ಲೋಟದಲ್ಲಿ ನಿಂತಿದೆ. ಇವತ್ತು ಧೂಳು ಒರೆಸುವಾಗ ಕೈಗೆ ಚುಚ್ಚಿತು. ಅದಕ್ಕೇ ಈ ಪುರಾಣ.

ನನ್ನ ಪಾರ್ಲರಿರುವುದು ಪಾಂಡವಪುರದಲ್ಲಿ. ಎರಡು ಕುರ್ಚಿ, ಒಂದು ಪರದೆ, ಕಿಟಕಿಯಿಲ್ಲದ ಒಂದು ಕೋಣೆ. ಈ ಊರಿನ ಅರ್ಧದಷ್ಟು ಹುಬ್ಬುಗಳು ನನ್ನ ದಾರದ ಕೆಳಗೆ ಹಾದುಹೋಗಿವೆ ಎಂದು ಕೊಂಚ ಜಂಬವೂ ಉಂಟು. ಆದರೆ ಎರಡು ವರ್ಷದಿಂದ ಕಾಲೇಜು ಹುಡುಗಿಯರು ಬಾಗಿಲಲ್ಲೇ ನಿಂತು, "ಆಂಟಿ, ಜೆಲ್ ನೇಲ್ ಪಾಲಿಶ್ ಹಾಕ್ತೀರಾ?" ಎಂದು ಕೇಳಿ, ಇಲ್ಲವೆಂದರೆ ಮೈಸೂರಿನ ಬಸ್ಸು ಹತ್ತತೊಡಗಿದರು. ಸಾಮಾನ್ಯ ಬಣ್ಣವಾದರೆ ಉಫ್ ಎಂದು ಊದಿ ಒಣಗಿಸಿಕೊಳ್ಳುವುದು, ನಾಲ್ಕು ಸಲ ಪಾತ್ರೆ ತಿಕ್ಕಿದರೆ ಎದ್ದುಹೋಗುವುದು. ಜೆಲ್ ಹಾಗಲ್ಲ. ತೆಳ್ಳಗೆ ಬಳಿದು, ಲ್ಯಾಂಪಿನ ಕೆಳಗೆ ಕೈಯಿಟ್ಟರೆ ಒಂದು ನಿಮಿಷಕ್ಕೆ ಗಾಜಿನಂತೆ ಗಟ್ಟಿಯಾಗಿ ಕೂರುತ್ತದೆ. ಎರಡು ಮೂರು ವಾರ ಜಗ್ಗುವುದಿಲ್ಲ. ಆದರೆ ತಪ್ಪು ಬಳಿದರೆ ಆ ತಪ್ಪೂ ಮೂರು ವಾರ ಜಗ್ಗುವುದಿಲ್ಲ.

ಶ್ರೀರಂಗಪಟ್ಟಣದಲ್ಲಿ ಮೂರು ದಿನ ಕಲಿಸುತ್ತಾರೆಂದು ಗೊತ್ತಾಯಿತು. ಷರತ್ತು ಒಂದೇ: ಕಲಿಯುವವರು ಅಭ್ಯಾಸಕ್ಕೆ ಒಂದು ಜೊತೆ ಕೈ ಕರೆತರಬೇಕು. ಯಜಮಾನರ ಕೈ ಕೇಳಿದೆ. "ಆಫೀಸ್ನಲ್ಲಿ ಸೈನ್ ಮಾಡೋ ಕೈ ಇದು" ಎಂದು ಎರಡನ್ನೂ ಜೇಬಿಗಿಳಿಸಿದರು. ಕೊನೆಗೆ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಪುಟ್ಟಲಕ್ಷ್ಮಿಯನ್ನು ಹೊರಡಿಸಿದೆ. ಅವಳಿರುವುದು ಚಿನಕುರಳಿಯಲ್ಲಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಬೆಳಿಗ್ಗೆ ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ, ಹನ್ನೊಂದಕ್ಕೆ ಬಸ್ಸಿನಲ್ಲಿ ನನ್ನ ಪಾರ್ಲರಿಗೆ ಬಂದು ಟವೆಲು ಒಗೆದು, ಬಟ್ಟಲು ತೊಳೆದು, ಸಂಜೆಯ ಹಾಲಿನ ಹೊತ್ತಿಗೆ ವಾಪಸು ಓಡುವವಳು. ನೆನಪಿಡಿ, ಅವಳು ಬಂದದ್ದು ಕಲಿಯುವುದಕ್ಕಲ್ಲ. ಕೈಯಾಗಿ ಬಂದದ್ದು.

ಕಲಿಸುವವಳು ಶಾಜಿಯಾ ಎಂಬ ಹುಡುಗಿ, ನನ್ನ ಮಗಳಾಗಬಹುದಾದ ವಯಸ್ಸು. ನನ್ನನ್ನು "ಆಂಟಿ" ಎಂದಳು, ಪುಟ್ಟಲಕ್ಷ್ಮಿಯನ್ನು "ಅಕ್ಕ" ಎಂದಳು. ಮೊದಲ ಕಿಡಿ ಬಿದ್ದದ್ದು ಅಲ್ಲೇ ಇರಬೇಕು.

"ಪತ್ಲಾ ಆಂಟಿ, ಪತ್ಲಾ. ತೆಳ್ಳಗೆ. ದೋಸೆ ಹಿಟ್ಟು ಹುಯ್ತಾ ಇದೀರಲ್ಲ!" ಎಂದು ನನ್ನ ಕೈ ಹಿಡಿದು ನಿಲ್ಲಿಸಿದಳು. "ಉಗುರಿನ ಬುಡದಲ್ಲಿ, ಎರಡೂ ಪಕ್ಕದಲ್ಲಿ, ಒಂದು ಕೂದಲೆಳೆಯಷ್ಟು ಜಾಗ ಬಿಡಬೇಕು. ಚರ್ಮ ಮುಟ್ಟಿದರೆ ಗಯಾ, ಹೋಯ್ತು. ನಾಲ್ಕೇ ದಿನಕ್ಕೆ ಅಲ್ಲಿಂದಲೇ ಏಳುತ್ತೆ."

ಕೂದಲೆಳೆಯಷ್ಟು ಜಾಗ! ನಾನು ಬಿಡಲು ಹೋದರೆ ಬಳ್ಳದಷ್ಟು ಉಳಿಯುತ್ತಿತ್ತು, ಇಲ್ಲವೇ ಬಣ್ಣ ದಂಡೆ ಮೀರಿ ಗದ್ದೆಗೆ ನೀರು ನುಗ್ಗಿದ ಹಾಗೆ ನುಗ್ಗುತ್ತಿತ್ತು. ಪಾಪ, ಪುಟ್ಟಲಕ್ಷ್ಮಿ ಎರಡನೆಯ ದಿನ ಮಧ್ಯಾಹ್ನದವರೆಗೆ ಸುಮ್ಮನೆ ಕೈ ಕೊಟ್ಟು ಕೂತಿದ್ದಳು. ದಪ್ಪ ಬಳಿದದ್ದು ಲ್ಯಾಂಪಿನೊಳಗೆ ಚುರ್ ಎಂದು ಸುಟ್ಟಾಗ ಮಾತ್ರ, "ಅವ್ವಾ, ಇದ್ರೊಳ್ಗೆ ಕೆಂಡ ಏನಾರ ಮಡಗವ್ರಾ?" ಎಂದಳು. ಆಮೇಲೆ ಶಾಜಿಯಾಗೆ ಏನನ್ನಿಸಿತೋ, "ಅಕ್ಕ, ನೀವೊಂದು ಸಲ ಆಂಟಿ ಕೈಗೆ ಹಾಕಿ ನೋಡಿ" ಎಂದು ಕುಂಚ ಅವಳ ಕೈಗೆ ಕೊಟ್ಟುಬಿಟ್ಟಳು.

ಪುಟ್ಟಲಕ್ಷ್ಮಿ ಕುಂಚವನ್ನು ಬಾಟಲಿಯ ಬಾಯಿಗೆ ಒರೆಸಿ, ನನ್ನ ಹೆಬ್ಬೆರಳಿನ ಮಧ್ಯಕ್ಕೆ ಇಟ್ಟು, ಬುಡದ ಕಡೆ ಮೆಲ್ಲಗೆ ತಳ್ಳಿ, ಅಲ್ಲೇ ಒಂದು ಗಳಿಗೆ ನಿಂತು, ಎಳೆದಳು. ಒಂದೇ ಎಳೆತ. ಕಾಮನಬಿಲ್ಲಿನ ಅಂಚು ಕೂಡ ಅಷ್ಟು ನಯವಾಗಿ ಬಾಗಿರುವುದಿಲ್ಲ. ಬುಡದಲ್ಲಿ ಕೂದಲೆಳೆಯಷ್ಟೇ ಜಾಗ. "ಮಾಶಾ ಅಲ್ಲಾ!" ಎಂದಳು ಶಾಜಿಯಾ. ನನ್ನದೇ ಹೆಬ್ಬೆರಳು ನೋಡಿ ನನಗೇ ಹೊಟ್ಟೆ ಉರಿಯಿತು. ಇಂಥ ಅವಸ್ಥೆ ಎಷ್ಟು ಜನಕ್ಕೆ ಬರುತ್ತದೋ ಕಾಣೆ.

ವಾಪಸು ಬರುವಾಗ ಬಸ್ಸಿನಲ್ಲಿ, ಸಹಜವಾಗಿ ಕೇಳುವಂತೆ ಕೇಳಿದೆ. "ಎಲ್ಲಿ ಕಲಿತೆಯೇ ಇದನ್ನ?"

"ಎತ್ತಿನ್ ಕೊಂಬ್ಗೆ ಬಳ್ದಿಲ್ವಾ ಅಕ್ಕ?" ಎಂದಳು. "ಸಂಕ್ರಾಂತಿಗೆ ನಮ್ಮಪ್ಪನ ಮನೇಲಿ ನಂದೇ ಕೆಲ್ಸ ಅದು. ಬುಡುದಲ್ಲಿ ಒಸಿ ಜಾಗ ಬುಡ್ಬೇಕು. ಚರ್ಮುಕ್ಕೆ ಪೇಂಟು ತಗುಲ್ದ್ರೆ ಉರಿಯುತ್ತೆ, ಅದು ತಲೆ ಕೊಡವ್ತು ಅಂದ್ರೆ ನಾವು ಕೊಟ್ಟಿಗೆ ಆಚೆ."

"ಎತ್ತು ಅಲ್ಲಾಡಲ್ವಾ ಮತ್ತೆ?"

"ಅಲ್ಲಾಡ್ದೆ? ಗಟ್ಟಿಯಾಗ್ ಇಡ್ಕೊಳಕ್ಕೆ ಓಗ್ಬಾರ್ದು ಕಣಕ್ಕ. ಅದು ಎಂಗೆ ಆಡ್ಸುತ್ತೋ ನಮ್ ಕೈನೂ ಅಂಗೇ ಓಗ್ಬೇಕು. ಬೆರಳು ಅದುಕ್ಕಿಂತ ವಾಸಿ, ಗುಮ್ಮಕ್ಕಂತೂ ಬರಲ್ಲ."

ನಾನು ಕಿಟಕಿಯಾಚೆ ಕಾಲುವೆ ನೋಡಿದೆ. ಇಪ್ಪತ್ತು ವರ್ಷ ಪಾರ್ಲರು ನಡೆಸಿ, ಗೋಡೆಗೆ ಚೌಕಟ್ಟು ಹಾಕಿದ ಮೂರು ಸರ್ಟಿಫಿಕೇಟು ತೂಗಿಸಿರುವ ನಾನು, ಎತ್ತಿಗೆ ಪೇಂಟು ಬಳಿದವಳ ಮುಂದೆ ಸೋತಿದ್ದೆ.

ಮೂರನೆಯ ದಿನ ಇನ್ನೊಂದು ಸಂಗತಿ ನಡೆಯಿತು. ಸಂಜೆ ಹಾಲು ಕರೆಯಬೇಕೆಂದು ಪುಟ್ಟಲಕ್ಷ್ಮಿ ಮುಂಚೆಯೇ ಎದ್ದು ಹೊರಟಳು. ಕೊನೆಯ ಒಂದು ಗಂಟೆ ನಾನೊಬ್ಬಳೇ. ಆಗ ಶಾಜಿಯಾ ಹೇಳಿದ್ದು: ಈ ಬಣ್ಣಕ್ಕೆ ಲ್ಯಾಂಪೇ ಬೇಕೆಂದಿಲ್ಲ, ಬಿಸಿಲು ತಗುಲಿದರೂ ಸಾಕು, ಗಟ್ಟಿಯಾಗುತ್ತದೆ. ಬಾಟಲಿಯನ್ನು ಬಿಸಿಲಲ್ಲಿ ತೆರೆಯಲೇಬಾರದು. ಕುಂಚಕ್ಕೆ ಬಿಸಿಲು ಬಿದ್ದರೆ ಅದರ ಕತೆ ಮುಗಿಯಿತು. "ಅಕ್ಕನಿಗೂ ಹೇಳ್ಬಿಡಿ ಆಂಟಿ" ಎಂದಳು. "ಆಗಲಿ" ಎಂದೆ.

ಹೇಳಲಿಲ್ಲ. ಮಾರನೆಯ ದಿನ ಮರೆತೆ. ಅದರ ಮರುದಿನ ಮರೆತಿರಲಿಲ್ಲ. ಕಿಟಕಿಯಿಲ್ಲದ ಪಾರ್ಲರಿನಲ್ಲಿ ಬಿಸಿಲಿನ ಮಾತೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವಳಿಗೆ ಗೊತ್ತಿಲ್ಲದ್ದು ನನಗೆ ಒಂದಾದರೂ ಗೊತ್ತಿರಲಿ ಎಂಬ ಆಸೆ. ಚಿಕ್ಕವಳಿದ್ದಾಗ ನನ್ನ ಚಿಕ್ಕಪ್ಪನ ಮಗಳ ಗೋರಂಟಿ ದಾಳಿಂಬೆ ಬೀಜದಂತೆ ಕೆಂಪಾಗುತ್ತಿತ್ತು, ನನ್ನದು ಹಳೇ ಟೀ ಕಲೆಯಂತೆ. ಗೋರಂಟಿ ಸೊಪ್ಪು ಅರೆಯುವಾಗ ಹುಣಸೆಹಣ್ಣು ಹಾಕಬೇಕೆಂಬ ಗುಟ್ಟು ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ ಮೇಲೂ ಅವಳಿಗೆ ಹೇಳಲಿಲ್ಲ. ಅವಳದು ಹುಣಸೆಹಣ್ಣಿಲ್ಲದೆಯೇ ಕೆಂಪಾಯಿತು. ನನ್ನದು ಹುಣಸೆಹಣ್ಣು ಹಾಕಿಯೂ ಟೀ ಕಲೆಯೇ. ಗುಟ್ಟುಗಳ ವಿಷಯದಲ್ಲಿ ನನ್ನ ಅದೃಷ್ಟ ಮೊದಲಿನಿಂದಲೂ ಇಷ್ಟೇ.

ಹುಣಸೆ ಎಂದಾಗ ನೆನಪಾಯಿತು. ಹೇಗಾದರೂ ಕಲಿಯಲೇಬೇಕೆಂದು ನಾನು ಮನೆಯಲ್ಲಿ ಹುಣಸೆ ಬೀಜದ ಮೇಲೆ ಅಭ್ಯಾಸ ಶುರುಮಾಡಿದೆ. ನೋಡಿ, ಅದು ಉಗುರಿನಷ್ಟೇ ಅಗಲ, ಅಷ್ಟೇ ನುಣುಪು, ಅಷ್ಟೇ ಉಬ್ಬು. ದಿನಕ್ಕೆ ಹತ್ತು ಬೀಜ. ಬುಡದಲ್ಲಿ ಕೂದಲೆಳೆ ಜಾಗ ಬಿಟ್ಟು, ತುದಿಯ ಅಂಚಿಗೂ ಒಂದು ಸಲ ಸವರಿ, ಲ್ಯಾಂಪಿಗಿಟ್ಟು, ಎರಡನೆಯ ಪದರ ಬಳಿದು, ಮತ್ತೆ ಲ್ಯಾಂಪು. ತಿಂಗಳಾಗುವ ಹೊತ್ತಿಗೆ ನನ್ನ ಹುಣಸೆ ಬೀಜಗಳು ಯಾವ ಸಿನಿಮಾ ನಟಿಯ ಬೆರಳಿಗೂ ಕಡಿಮೆಯಿರಲಿಲ್ಲ. ಯಜಮಾನರು ಒಂದು ಡಬ್ಬಿಯಲ್ಲಿ ಮುನ್ನೂರು ಕೆಂಪು ಬೀಜ ಕಂಡು, "ಅಳಗುಳಿ ಮಣೆ ಆಡಕ್ಕಾ? ಬಣ್ಣ ಆಕಿದ್ರೆ ಗೆದ್ಬುಡ್ತೀಯಾ?" ಎಂದರು.

ಆದರೆ ಜೀವವಿರುವ ಬೆರಳು ಹಿಡಿದರೆ ಬೇರೆ ಕತೆ. ಬೆರಳು ನಡುಗುತ್ತದೆ, ಅಥವಾ ನಾನು ನಡುಗುತ್ತೇನೆ. ಬೆರಳಿನವಳು ಮೊಬೈಲು ನೋಡಿ ನಗುತ್ತಾಳೆ, ಬಣ್ಣ ದಂಡೆ ಮೀರುತ್ತದೆ. ಬೀಜ ನಗುವುದಿಲ್ಲ. ಪುಟ್ಟಲಕ್ಷ್ಮಿ ಅಲ್ಲಾಡುವ ಎತ್ತಿನ ಮೇಲೆ ಕಲಿತಳು, ನಾನು ಅಲ್ಲಾಡದ ಬೀಜದ ಮೇಲೆ. ಒಮ್ಮೆ ಚಿನಕುರಳಿಯಲ್ಲಿ ಅವಳ ಮನೆಯೊಳಗೇ ಅವಳು ಪಕ್ಕದ ಮನೆಯ ಹುಡುಗಿಯೊಬ್ಬಳಿಗೆ ಬಳಿಯುತ್ತಿದ್ದಳು. ಅಷ್ಟರಲ್ಲಿ ದೂರದ ಕಲ್ಲು ಕ್ವಾರಿಯಲ್ಲಿ ಢಂ ಎಂದು ಸಿಡಿಯಿತು. ನಾನು ಕಾಫಿ ಚೆಲ್ಲಿಕೊಂಡೆ. ಹಸು ಹಗ್ಗ ಎಳೆಯಿತು. ಪುಟ್ಟಲಕ್ಷ್ಮಿಯ ಕುಂಚ ಮಾತ್ರ ಹೋಗುತ್ತಿದ್ದ ದಾರಿಯಲ್ಲೇ ಹೋಯಿತು.

ಗಿರಾಕಿಗಳಿಗೆ ಇದೆಲ್ಲ ಬೇಗ ತಿಳಿಯುತ್ತದೆ. "ಆ ಅಕ್ಕ ಇಲ್ವಾ?" ಎಂದು ಬಾಗಿಲಲ್ಲೇ ಕೇಳತೊಡಗಿದರು. ಒಂದು ದಿನ ನಾನು, "ಇಲ್ಲ, ಇವತ್ತು ಬರಲ್ಲ" ಎಂದೆ. ಅವಳು ಪರದೆಯ ಹಿಂದೆ ಬಟ್ಟಲು ತೊಳೆಯುತ್ತಿದ್ದಳು. ನಲ್ಲಿಯ ಸದ್ದು ನಿಂತಿತು. ಗಿರಾಕಿ ಹೋದ ಮೇಲೆ ಮತ್ತೆ ಶುರುವಾಯಿತು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ, ಜಗಳದಲ್ಲಿ ನನಗೆ ಅನುಭವವಿದೆ. ಸುಮ್ಮನಿದ್ದು ಸೋಲಿಸುವವರ ಮೇಲೆ ಏನು ಮಾಡುವುದು?

ಹೀಗಿರುವಾಗ ಸಿಂಚನಳ ಮದುವೆ ಗೊತ್ತಾಯಿತು. ಸಿಂಚನ ನಮ್ಮ ಯಜಮಾನರ ತಂಗಿಯ ಮಗಳು, ಕೆ.ಆರ್. ಪೇಟೆ ತಾಲೂಕಿನ ಬೂಕನಕೆರೆಯವಳು. ನನಗೆ ಅವಳ ಮೇಲೆ ಒಂದು ಹಕ್ಕಿದೆ. ಐದು ವರ್ಷದವಳಿದ್ದಾಗ ಅವಳ ಬೆರಳಿಗೆ ಮೊದಲ ಬಾರಿ ಬಣ್ಣ ಹಚ್ಚಿದವಳು ನಾನು. ಒಂದು ಮಧ್ಯಾಹ್ನವೆಲ್ಲ ಹತ್ತು ಬೆರಳನ್ನೂ ಉಫ್ ಎಂದು ಊದುತ್ತ ಕೂತು, ಊಟವನ್ನು ನನ್ನ ಕೈಯಲ್ಲೇ ತಿನ್ನಿಸಿಕೊಂಡಿದ್ದಳು. ಮದುವೆಯ ದಿನವೂ ಆ ಬೆರಳುಗಳು ನನ್ನವೇ ಎಂದು ನಾನು ಯಾರನ್ನೂ ಕೇಳದೆ ತೀರ್ಮಾನಿಸಿಕೊಂಡಿದ್ದೆ. ಮುನ್ನೂರು ಹುಣಸೆ ಬೀಜ ಬಳಿದದ್ದು ಇನ್ಯಾವುದಕ್ಕೆ?

ಅವಳು ಫೋನು ಮಾಡಿದಳು. "ದೊಡ್ಡತ್ತೆ, ಮುಖ, ಜಡೆ, ಸೀರೆ ಎಲ್ಲ ನೀವೇ. ಉಗುರು ಮಾತ್ರ ಚಿಕ್ಕತ್ತೆ ಹಾಕ್ಲಿ ಕಣತ್ತೆ. ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನು ಬುಡು" ಎಂದೆ. ಅವತ್ತು ಸಾರಿನ ಒಗ್ಗರಣೆ ಸೀದುಹೋಯಿತು. ಯಜಮಾನರು ತಟ್ಟೆ ಮುಂದೆ ಕೂತು, "ಏನೋ ಸುಟ್ಟ ವಾಸ್ನೆ" ಎಂದರು. "ಸಾರಲ್ಲ, ನಾನು" ಎಂದು ಹೇಳಬೇಕೆನ್ನಿಸಿತು. ಕ್ಯಾಲೆಂಡರು ತಿರುಗಿಸಿ ಆ ಪಟ್ಟಿ ಬರೆಯತೊಡಗಿದ್ದು ಅವತ್ತೇ. ಕೆಡಬಹುದಾದದ್ದನ್ನೆಲ್ಲ ಬರೆಯುವಾಗ ಹೆದರುತ್ತಿದ್ದೆನೋ, ಹಾರೈಸುತ್ತಿದ್ದೆನೋ, ಈಗಲೂ ಖಚಿತವಿಲ್ಲ.

ಮುಹೂರ್ತದ ಹಿಂದಿನ ದಿನ ಬೆಳಿಗ್ಗೆ ಬೂಕನಕೆರೆಯಲ್ಲಿ ಅರಿಶಿನ ಶಾಸ್ತ್ರ ಮುಗಿಯಿತು. ಮಧ್ಯಾಹ್ನ ಎಲ್ಲರೂ ನಾಗಮಂಗಲದ ಛತ್ರಕ್ಕೆ ಹೊರಡಬೇಕು. ಅಷ್ಟರೊಳಗೆ ಉಗುರಾಗಬೇಕು. ನಾನೇ ಸಿಂಚನಳ ಕೈಗಳನ್ನು ಕಡಲೆಹಿಟ್ಟಿನಲ್ಲಿ ಉಜ್ಜಿ, ಅರಿಶಿನ ಬಿಡಿಸಿ ಒಳಗಿನಿಂದ ಕಳಿಸಿದೆ. ಟವೆಲು ಒಣಹಾಕಿ ಹೊರಬಂದು ನೋಡುತ್ತೇನೆ, ಪುಟ್ಟಲಕ್ಷ್ಮಿ ಜಗಲಿಯ ಬಿಸಿಲಲ್ಲಿ ಚಾಪೆ ಹಾಸಿ, ಹುಡುಗಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ!

ನಮ್ಮ ಕಡೆ ಕಣ್ಣಿಗೆ ಕಟ್ಟುವ ಕೆಲಸವೆಲ್ಲ ಜಗಲಿಯ ಬಿಸಿಲಿನದೇ. ಅಕ್ಕಿಯ ಕಲ್ಲು ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಕಾಲಿನ ಮುಳ್ಳು ತೆಗೆಯುವುದು, ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಬಿಟ್ಟಿದ್ದಾರೆಂದು ಹುಡುಕುವುದು. ನನ್ನ ಬಾಲ್ಯದ ಭಾನುವಾರಗಳೆಲ್ಲ ಅಜ್ಜಿಯ ಎರಡು ಮಂಡಿಗಳ ನಡುವೆ ಹೇನಿನ ತಲೆ ಸಿಕ್ಕಿಸಿಕೊಂಡು ಆ ಬಿಸಿಲಲ್ಲೇ ಕಳೆದವು. ಇವಳೂ ಅಲ್ಲಿ ಕೂರದೆ ಇನ್ನೆಲ್ಲಿ ಕೂರುತ್ತಾಳೆ? ಅವಳಿಗೆ ಹೇಳಿದವರು ಯಾರು?

ಹೊಸ್ತಿಲಲ್ಲಿ ನಿಂತೆ. ಹೇಳಬೇಕಾದ ಒಂದು ವಾಕ್ಯ ಬಾಯಲ್ಲಿತ್ತು. ಹೇಳದಿದ್ದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಬಣ್ಣ ಗಂಟು ಗಂಟಾಗುತ್ತದೆ, ಹತ್ತು ಉಗುರೂ ಕೆಡುತ್ತವೆ, "ದೊಡ್ಡತ್ತೆ ಕೈಲಿ ಹಾಕಿಸ್ಕೊಂಡಿದ್ರೆ ಚೆನ್ನಾಗಿರ್ತಿತ್ತು" ಎಂಬ ಮಾತು ಬೂಕನಕೆರೆಯಿಂದ ನಾಗಮಂಗಲದವರೆಗೆ ಬಸ್ಸಿನಲ್ಲಿ ಬರುತ್ತದೆ. ಲೋಟದ ಕಾಫಿ ಆರುವಷ್ಟು ಹೊತ್ತು ನಾನು ಹಾಗೇ ನಿಂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಂತಿದ್ದದ್ದು ನಿಜ. ಆಗ ಸಿಂಚನ ಉಗುರಿನ ಮೇಲಿನ ಪುಡಿಯನ್ನು ಉಫ್ ಎಂದು ಊದಿದಳು, ಐದು ವರ್ಷದವಳಿದ್ದಾಗ ಊದಿದ ಹಾಗೆಯೇ.

"ಅಯ್ಯೋ, ಏಳ್ರೇ ಮೇಲೆ!" ಎಂದು ಜಗಲಿಗೆ ಧುಮುಕಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಎರಡು ತಿಂಗಳು ಅದುಮಿಟ್ಟ ಜ್ಞಾನ ಒಂದು ವಾಕ್ಯದಲ್ಲಿ ಹೊರಬರುತ್ತದೆಯೇ? ಸುತ್ತ ಹತ್ತು ಹನ್ನೆರಡು ಹೆಂಗಸರೂ ಸೇರಿದ್ದರು. ಪುಟ್ಟಲಕ್ಷ್ಮಿಯ ಬ್ಯಾಗಿಗೆ ಕೈಹಾಕಿ, ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಂಟನ್ನು ಬಿಚ್ಚಿ, ಮದುವೆಗೆಂದೇ ತಂದ ಕೆಂಪು ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಕುಂಚವನ್ನು ಮೇಷ್ಟ್ರ ಬೆತ್ತದಂತೆ ಎತ್ತಿ ಹಿಡಿದೆ.

"ಇದು ಸಾಮಾನ್ಯ ಬಣ್ಣವಲ್ಲ. ಇದಕ್ಕೆ ಬಿಸಿಲು ಆಗಿಬರೋದಿಲ್ಲ. ಬಿಸಿಲಲ್ಲೂ ಲ್ಯಾಂಪಿನಲ್ಲಿರೋ ಥರದ್ದೇ ಕಿರಣ ಇರುತ್ತೆ..."

"ಬಿಸ್ಲಲ್ಲಿ ಒಣಗುದ್ರೆ ವೊಳ್ಳೇದೇ ಅಲ್ವೇನವ್ವ?" ಎಂದರು ಒಬ್ಬ ಅಜ್ಜಿ. "ಕರೆಂಟ್ನೋರ ಕಾಲ್ ಇಡ್ಕಳದು ತಪ್ತದೆ."

"ಹಾಗಲ್ಲಜ್ಜಿ, ಉಗುರಿನ ಮೇಲೆ ಒಣಗಬೇಕು, ಕುಂಚದಲ್ಲೇ ಒಣಗಿದರೆ..."

"ಸಂಡಿಗೆ ಇದ್ದಂಗೆ ಅನ್ನು."

"ಸಂಡಿಗೆ ಅಂತಲೇ ತಿಳಿದುಕೊಳ್ಳಿ" ಎಂದು ಇನ್ನಷ್ಟು ವಿವರಿಸಿದೆ. ಶ್ರೀರಂಗಪಟ್ಟಣದ ತರಬೇತಿಯ ಮಾತು ತಂದೆ. ಪದರ ಎಷ್ಟು ತೆಳ್ಳಗಿರಬೇಕೆಂದು ಗಾಳಿಯಲ್ಲಿ ಬಳಿದು ತೋರಿಸಿದೆ. ಹೆಂಗಸರು ತಲೆಯಾಡಿಸಿದರು. ಎರಡು ವರ್ಷದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಪುಟ್ಟಲಕ್ಷ್ಮಿಯೂ ತಲೆಯೆತ್ತಿ ಕೇಳಿದಳು, ಪೂರ್ತಿ ಕೇಳಿದಳು. ಆಮೇಲೆ ಸಿಂಚನಳ ಕೈ ಹಿಡಿದು ಎಬ್ಬಿಸಿ, ರಾಗಿ ಮೂಟೆಗಳ ಕತ್ತಲೆ ಕೋಣೆಗೆ ಕರೆದೊಯ್ದಳು. ಅಲ್ಲಿ ಆಗಲೇ ಲ್ಯಾಂಪು ಜೋಡಿಸಿಟ್ಟಿತ್ತು, ಚಾಪೆ ಹಾಸಿತ್ತು.

ಅದನ್ನು ಕಂಡಾಗಲೂ ನನಗೆ ಹೊಳೆಯಲಿಲ್ಲ. ಬಾಟಲಿ, ಕುಂಚ ಎರಡನ್ನೂ ಅವಳ ಕೈಗೆ ಕೊಟ್ಟೆ. ಅವಳು ಕುಂಚದ ತುದಿಯನ್ನು ಉಗುರಿನಿಂದ ತಟ್ಟಿದಳು. ಟಕ್ ಎಂದಿತು, ಒಣ ಕಡ್ಡಿಯಂತೆ.

"ನಿಂಗೊತ್ತಿತ್ತಾ?" ಎಂದೆ, ಸ್ವರ ತಗ್ಗಿಸಿ.

"ಊಂ ಕಣಕ್ಕ. ಮಾರ್ನೇ ದಿನವೇ ಶಾಜಿಯಾಗೆ ಫೋನ್ ಮಾಡಿ, ಕೊನೇಲಿ ಏನೇನ್ ಏಳ್ಕೊಟ್ರಿ ಅಂತ ಕೇಳ್ದೆ. ಬಿಸ್ಲಲ್ಲಿ ಉಗುರ್ ತಿದ್ತಿದ್ದೆ ಅಷ್ಟೇಯ, ಕಣ್ಗೆ ಕಾಣ್ಲಿ ಅಂತ. ಬಣ್ಣ ಒಳಗೇ ಆಕಣ ಅಂತ ಇತ್ತು."

"ಮತ್ತೆ ನಾನು ಮುಚ್ಚಳ ತೆಗೆದಾಗ ಬಾಯಿ ಬಿಡಬಾರದಿತ್ತೇನೇ?"

ಪುಟ್ಟಲಕ್ಷ್ಮಿ ಬ್ಯಾಗಿನಲ್ಲಿದ್ದ ಇನ್ನೊಂದು ತಿಳಿಗುಲಾಬಿ ಬಣ್ಣದ ಬಾಟಲಿಯಿಂದ ಕುಂಚ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಬಟ್ಟೆಗೆ ಒರೆಸುತ್ತ ಹೇಳಿದಳು. "ನೀನ್ ಏಳ್ಕೊಡಕ್ಕೆ ಸುರು ಮಾಡ್ಬುಟ್ಟಿದ್ದಲ್ಲಕ್ಕ. ಎಲ್ಡ್ ತಿಂಗ್ಳಿಂದ ಕಾಯ್ತಿದ್ದೆ, ಇವತ್ತೇಳ್ತೀಯಾ, ನಾಳೆ ಏಳ್ತೀಯಾ ಅಂತ. ನಡುವ್ಕೆ ಯಾಕ್ ಬಾಯಾಕದು ಅಂತ ಸುಮ್ಕಾದೆ."

ಅವಳು ಬಗ್ಗಿ, ಒರೆಸಿದ ಕುಂಚವನ್ನು ಕೆಂಪಿಗೆ ಅದ್ದಿ, ಮೊದಲ ಬೆರಳು ಎತ್ತಿಕೊಂಡಳು. ಸಿಂಚನ ಏನೋ ನೆನೆದು ನಕ್ಕಳು, ಕೈ ಅಲುಗಿತು. ಪುಟ್ಟಲಕ್ಷ್ಮಿಯ ಕೈಯೂ ಅದರ ಜೊತೆಗೇ ಹೋಯಿತು, ಹಿಡಿಯಲಿಲ್ಲ. ನಾನು ಮೂಟೆಯ ಮೇಲೆ ಕೂತು ಲ್ಯಾಂಪಿನ ಗುಂಡಿ ಒತ್ತುತ್ತಾ ನಿಮಿಷ ಎಣಿಸಿದೆ.

ಮಾರನೆಯ ದಿನ ನಾಗಮಂಗಲದಲ್ಲಿ ಧಾರೆಯ ಹಾಲು ಬಿತ್ತು. ಹತ್ತು ಉಗುರೂ ಹಾಲಿನೊಳಗಿಂದ ಕೆಂಪಗೆ ಎದ್ದು ಬಂದವು. ನಾನು ಹೆದರಿದ್ದ ಆ ಬೀಗರ ಅತ್ತೆ ನಿಜವಾಗಿಯೂ ಒಬ್ಬರು ಇದ್ದರು. ಹುಡುಗಿಯ ಕೈ ತಿರುಗಿಸಿ ನೋಡಿ, "ಯಾರಮ್ಮ ಆಕಿದ್ದು?" ಎಂದರು. "ನಮ್ಮ ಪುಟ್ಟಲಕ್ಷ್ಮಿ" ಎಂದೆ. ಹೊಟ್ಟೆ ಉರಿಯಿತು. ಉರಿಯುತ್ತಿರುವಾಗಲೇ ಅವಳನ್ನು ಕರೆದು ಮುಂದೆ ನಿಲ್ಲಿಸಿದೆ.

ಕರೆಂಟು ಹೋಗಲಿಲ್ಲ. ಅರಿಶಿನ ಹಿಡಿಯಲಿಲ್ಲ. ಬೆರಳು ಊದಲಿಲ್ಲ. ಲ್ಯಾಂಪಿನ ಮೇಲೆ ಯಾರೂ ಬಾಳೆ ಎಲೆ ಇಡಲಿಲ್ಲ. ನನ್ನ ಕೈಯಲ್ಲಿ, ಹನ್ನೆರಡು ಜನ ಹೆಂಗಸರ ಎದುರಿಗೆ, ಬಿಸಿಲಿನ ವಿಷಯ ಹೇಳುತ್ತಿರುವಾಗ, ಒಂದು ಕುಂಚ ಗಟ್ಟಿಯಾಯಿತು.